ನಿಮ್ಮ ಓಣಿಯ ರಸ್ತೆ ಟೆಂಡರ್ ಓದುವುದು ಹೇಗೆ

ಮೊದಲು ಸರಿಯಾದ ಪೋರ್ಟಲ್‌ಗೆ ಹೋಗಬೇಕು. ಹುಬ್ಬಳ್ಳಿ-ಧಾರವಾಡ ಮಹಾನಗರ ಪಾಲಿಕೆ, ಗದಗ-ಬೆಟಗೇರಿ ನಗರಸಭೆ, ಹೆಸ್ಕಾಂ, ಹಾವೇರಿಯ ಲೋಕೋಪಯೋಗಿ ಕಚೇರಿ ಇವೆಲ್ಲ 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆಗೆ, ಅಂದರೆ ಕೆಟಿಪಿಪಿಗೆ ಒಳಪಟ್ಟವು. ಇವುಗಳ ಟೆಂಡರ್ ಈಗ ರಾಜ್ಯ ಸರ್ಕಾರದ ಸಾರ್ವಜನಿಕ ಖರೀದಿ ತಾಣವಾದ ಕೆಪಿಪಿಪಿ ಪೋರ್ಟಲ್‌ನಲ್ಲಿ ಬರುತ್ತದೆ. ಹಳೆಯದನ್ನು ಹುಡುಕುವುದಿದ್ದರೆ ಹಿಂದಿನ ಇ-ಪ್ರೊಕ್ಯೂರ್‌ಮೆಂಟ್ ತಾಣ ನೋಡಿ. ನೈಋತ್ಯ ರೈಲ್ವೆಯ ಕೇಂದ್ರ ಕಚೇರಿ ಹುಬ್ಬಳ್ಳಿಯಲ್ಲೇ ಇದ್ದರೂ ಅದರ ಟೆಂಡರ್ ಇಲ್ಲಿ ಸಿಗುವುದಿಲ್ಲ, ರೈಲ್ವೆಯದೇ ಟೆಂಡರ್ ತಾಣವಾದ ಐಆರ್‌ಇಪಿಎಸ್‌ನಲ್ಲಿ ಸಿಗುತ್ತದೆ.

ಹುಡುಕುವಾಗ ಓಣಿಯ ಹೆಸರನ್ನು ನಂಬಬೇಡಿ. ಇಂಗ್ಲಿಷಿನಲ್ಲಿ ಒಬ್ಬೊಬ್ಬರು ಒಂದೊಂದು ಥರ ಬರೆದಿರುತ್ತಾರೆ. ಇಲಾಖೆ, ಕಚೇರಿ, ದಿನಾಂಕ ಹಾಕಿ ಪಟ್ಟಿ ತೆಗೆದು ಕಣ್ಣಾಡಿಸಿ. ಕೆಲಸ ಕಣ್ಣೆದುರು ನಡೆಯುತ್ತಿದ್ದರೂ ಟೆಂಡರ್ ಕಾಣದಿದ್ದರೆ ಎರಡು ಸಾಧ್ಯತೆಗಳನ್ನು ಪರಿಶೀಲಿಸಿ. ಒಂದು, ಕೆಟಿಪಿಪಿ ಕಲಂ 4(ಜಿ) ವಿನಾಯಿತಿಯಲ್ಲಿ ಕೆಆರ್‌ಐಡಿಎಲ್ (ರಾಜ್ಯದ ಗ್ರಾಮೀಣ ಮೂಲಸೌಕರ್ಯ ನಿಗಮ) ಅಥವಾ ನಿರ್ಮಿತಿ ಕೇಂದ್ರದಂಥ ಸರ್ಕಾರಿ ಸಂಸ್ಥೆಗೆ ಟೆಂಡರ್ ಇಲ್ಲದೆ ನೇರವಾಗಿ ವಹಿಸಿರುವುದು. ಇನ್ನೊಂದು, ತುಂಡು ಗುತ್ತಿಗೆ, ಅಂದರೆ ಟೆಂಡರ್ ಕರೆಯಬೇಕಾಗದಂತೆ ಕೆಲಸವನ್ನು ಸಣ್ಣ ತುಂಡುಗಳಾಗಿ ಒಡೆದು ಕೊಡುವುದು. ಒಂದೇ ರಸ್ತೆ ‘ಇಂಥವರ ಮನೆಯಿಂದ ಇಂಥವರ ಮನೆವರೆಗೆ’ ಎಂದು ಮೂರು ಕಾಮಗಾರಿಗಳಾಗಿ ಒಡೆದಿದ್ದರೆ ಆ ಮೂರರ ಅಂದಾಜು ಮೊತ್ತ ಕೂಡಿಸಿ ನೋಡಿ. ಇದರ ತಿರುವುಮುರುವೂ ಉಂಟು: ಸಣ್ಣ ಕೆಲಸಗಳನ್ನೆಲ್ಲ ಒಂದೇ ಪ್ಯಾಕೇಜ್‌ಗೆ ಕಟ್ಟಿದರೆ ಊರಿನ ಸಣ್ಣ ಗುತ್ತಿಗೆದಾರರು ವಾರ್ಷಿಕ ವಹಿವಾಟು ಇಷ್ಟಿರಬೇಕು ಎಂಬ ಷರತ್ತಿನಲ್ಲೇ ಹೊರಬೀಳುತ್ತಾರೆ.

ಅಧಿಸೂಚನೆಯಲ್ಲಿ ಪ್ರಕಟವಾದ ದಿನ ಮತ್ತು ಕೊನೆಯ ದಿನದ ನಡುವಿನ ಅಂತರ ಲೆಕ್ಕ ಹಾಕಿ. ‘ಅಲ್ಪಾವಧಿ ಟೆಂಡರ್’ ಎಂದಿದ್ದರೆ, ಟೆಂಡರ್ ಕರೆದವರಿಗಿಂತ ಮೇಲಿನ ಅಧಿಕಾರಿ ಕಾರಣವನ್ನು ಬರಹದಲ್ಲಿ ದಾಖಲಿಸಿ ಒಪ್ಪಿಗೆ ಕೊಟ್ಟಿರಲೇಬೇಕು. ಕೆಟಿಪಿಪಿ ನಿಯಮ 17 ಹೇಳುವುದು ಇದನ್ನೇ. ಆ ಹಾಳೆ ಕಡತದಲ್ಲಿ ಇದೆಯೇ ಎಂದು ಕೇಳಿ. ತಿದ್ದುಪಡಿ ಪ್ರಕಟಣೆಗಳನ್ನೂ ಬಿಡಬೇಡಿ, ಅರ್ಹತೆಯ ಷರತ್ತು ಬದಲಾಗುವುದು ಅನೇಕ ಸಲ ಅಲ್ಲಿಯೇ.

ಮುಖ್ಯವಾದದ್ದು ಬಿಒಕ್ಯೂ, ಅಂದರೆ ಐಟಂವಾರು ಪ್ರಮಾಣ ಮತ್ತು ದರದ ಪಟ್ಟಿ. ಎಲ್ಲರೂ ಒಟ್ಟು ಮೊತ್ತ ನೋಡಿ ಸುಮ್ಮನಾಗುತ್ತಾರೆ. ಗುಟ್ಟೆಲ್ಲ ಇರುವುದು ಸಾಲುಗಳಲ್ಲಿ. 200 ಮೀಟರ್ ಉದ್ದ, 3.75 ಮೀಟರ್ ಅಗಲ, 15 ಸೆಂ.ಮೀ. ದಪ್ಪದ ಕಾಂಕ್ರೀಟ್ ರಸ್ತೆ ಎಂದುಕೊಳ್ಳಿ. 200 × 3.75 × 0.15 ಅಂದರೆ 112.5 ಘನ ಮೀಟರ್ ಕಾಂಕ್ರೀಟ್. ಪಟ್ಟಿಯಲ್ಲಿ ಇದಕ್ಕಿಂತ ತುಂಬ ಹೆಚ್ಚಿದ್ದರೆ ಯಾಕೆ ಎಂದು ಕೇಳಿ. ಕೆಲಸದಲ್ಲಿ ದಪ್ಪ 10 ಸೆಂ.ಮೀ.ಗೆ ಇಳಿದರೆ ಬೀಳುವುದು 75 ಘನ ಮೀಟರ್ ಮಾತ್ರ, ಮೂರನೇ ಒಂದು ಪಾಲು ಮಾಯ.

ಅದರ ಕೆಳಗಿನ ಪದರವನ್ನು ನಮ್ಮ ಭಾಗದಲ್ಲಿ ಇನ್ನೂ ಎಚ್ಚರದಿಂದ ನೋಡಬೇಕು. ನವಲಗುಂದ, ನರಗುಂದ, ರೋಣದ ಎರೆ ಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ. ಗರಸು ಅಥವಾ ಜಿಎಸ್‌ಬಿ (ಜಲ್ಲಿ ಮಿಶ್ರಣದ ತಳಪದರ) ಹಾಸಿ ರೋಲರ್ ಹೊಡೆಯದಿದ್ದರೆ ಮೇಲಿನ ಕಾಂಕ್ರೀಟ್ ಎಷ್ಟು ಚೆನ್ನಾಗಿದ್ದರೂ ಸೀಳುತ್ತದೆ. ಇದೇ ರಸ್ತೆಗೆ 20 ಸೆಂ.ಮೀ. ಪದರವೆಂದರೆ 150 ಘನ ಮೀಟರ್, ಸುಮಾರು 53 ಬ್ರಾಸ್ (ಒಂದು ಬ್ರಾಸ್ ಅಂದರೆ 100 ಘನ ಅಡಿ). ಇದು ರೋಲರ್ ಹೊಡೆದ ಮೇಲಿನ ಅಳತೆ, ಹಾಗಾಗಿ ಸಡಿಲವಾಗಿ ಬರುವ ಮಾಲು ಇನ್ನೂ ಹೆಚ್ಚಿರಬೇಕು. ಟಿಪ್ಪರ್ ಬಂದ ದಿನ ನಿಂತು ಎಣಿಸುವವರು ಓಣಿಯಲ್ಲಿ ಒಬ್ಬರಿದ್ದರೂ ಸಾಕು.

ದರಗಳನ್ನು ಲೋಕೋಪಯೋಗಿ ಇಲಾಖೆಯ ಎಸ್‌ಆರ್, ಅಂದರೆ ನಿಗದಿತ ದರಪಟ್ಟಿಯ ಜೊತೆ ಹೋಲಿಸಿ. ಐಟಂವಾರು ದರ ಕೇಳಿದ ಟೆಂಡರ್ ಆದರೆ ಗೆದ್ದವರು ಮಣ್ಣಗೆಲಸಕ್ಕೆ ಹೆಚ್ಚು, ಕೊನೆಯ ಕೆಲಸಗಳಿಗೆ ತೀರ ಕಡಿಮೆ ಹಾಕಿದ್ದಾರೆಯೇ ಗಮನಿಸಿ. ಹಾಗಿದ್ದರೆ ಮೊದಲ ಬಿಲ್ಲುಗಳಲ್ಲೇ ಹಣ ಹೋಗಿಬಿಡುತ್ತದೆ, ಗಟಾರು ಅರ್ಧಕ್ಕೇ ನಿಲ್ಲುತ್ತದೆ. ಒಟ್ಟು ಮೊತ್ತ ಎಲ್ಲರಿಗಿಂತ ಕಡಿಮೆ ಹಾಕಿದವರೇ ಆದರೂ ಇದು ಅಪಾಯದ ಟೆಂಡರ್.

ಪೋರ್ಟಲ್‌ನಲ್ಲಿ ಸಿಗದ ಕಾಗದಗಳಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ನಮೂನೆ-ಎ, 10 ರೂಪಾಯಿ ಶುಲ್ಕ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ‘ಸಂಪೂರ್ಣ ಮಾಹಿತಿ ಕೊಡಿ’ ಎಂದು ಬರೆದರೆ ತಿರಸ್ಕರಿಸಲು ದಾರಿ ಮಾಡಿಕೊಟ್ಟಂತೆ. ಟೆಂಡರ್ ಸಂಖ್ಯೆ ನಮೂದಿಸಿ ಇಷ್ಟನ್ನು ಹೆಸರು ಹಿಡಿದು ಕೇಳಿ:

- ತಾಂತ್ರಿಕ ಮತ್ತು ಆರ್ಥಿಕ ಬಿಡ್‌ಗಳ ತುಲನಾತ್ಮಕ ಪಟ್ಟಿ
- ಕಾರ್ಯಾದೇಶ
- ಅಳತೆ ಪುಸ್ತಕದ, ಅಂದರೆ ಎಂ.ಬಿ.ಯ, ಸಂಬಂಧಿಸಿದ ಪುಟಗಳು
- ಗುಣಮಟ್ಟ ಪರೀಕ್ಷೆ ಮತ್ತು ಮೂರನೇ ವ್ಯಕ್ತಿ ತಪಾಸಣೆಯ ವರದಿ

ಉತ್ತರಕ್ಕೆ 30 ದಿನ. ತಡವಾದರೆ ಪ್ರತಿಗಳನ್ನು ಉಚಿತವಾಗಿ ಕೊಡಬೇಕು. ಮಾಹಿತಿ ಹಕ್ಕು ಕಾಯ್ದೆಯ ಕಲಂ 2(ಜೆ) ಪ್ರಕಾರ ಕಾಮಗಾರಿಯನ್ನು ಪರಿಶೀಲಿಸುವ, ಬಳಸಿದ ವಸ್ತುವಿನ ದೃಢೀಕೃತ ಮಾದರಿ ಪಡೆಯುವ ಹಕ್ಕೂ ನಿಮಗಿದೆ. ಎಂ.ಬಿ.ಯಲ್ಲಿ ಬರೆದ ದಪ್ಪಕ್ಕೂ ಕೋರ್ ತೆಗೆದಾಗ, ಅಂದರೆ ರಸ್ತೆ ಕೊರೆದು ಕಾಂಕ್ರೀಟ್ ತುಂಡು ತೆಗೆದು ನೋಡಿದಾಗ, ಕಂಡ ದಪ್ಪಕ್ಕೂ ತಾಳೆಯಾಗದಿದ್ದರೆ ಎರಡರ ಪ್ರತಿ ಲಗತ್ತಿಸಿ ಲೋಕಾಯುಕ್ತಕ್ಕೆ ದೂರು ಕೊಡಬಹುದು.

ಕೆಟಿಪಿಪಿ ಕಲಂ 16ರ ಮೇಲ್ಮನವಿ ಬಿಡ್ ಹಾಕಿದವರಿಗೆ ಮಾತ್ರ, ಅದೂ ಆದೇಶ ಕೈಸೇರಿದ 30 ದಿನದೊಳಗೆ. ನಾಗರಿಕರು ಆ ದಾರಿಯಲ್ಲಿ ಸಮಯ ಕಳೆಯದೆ, ಅಂತಿಮ ಬಿಲ್ ಪಾವತಿಗೆ ಮೊದಲೇ ಮಾಹಿತಿ ಹಕ್ಕಿನ ಅರ್ಜಿ ಹಾಕಬೇಕು. ಬಿಲ್ ಆಗಿಹೋಗಿದ್ದರೆ ಕರಾರಿನಲ್ಲಿ ದೋಷ ಹೊಣೆಗಾರಿಕೆ ಅವಧಿ ಎಷ್ಟಿದೆ ನೋಡಿ. ಅದು ಮುಗಿಯುವವರೆಗೆ ಸೀಳಿದ ರಸ್ತೆಯನ್ನು ಗುತ್ತಿಗೆದಾರರೇ ಸ್ವಂತ ಖರ್ಚಿನಲ್ಲಿ ದುರಸ್ತಿ ಮಾಡಬೇಕು.