ನಿಲ್ಲೋದು ಮೊದಲು, ಓಡೋದು ಆಮೇಲೆ: ನನ್ನ 1966ರ ಮಸ್ಟಾಂಗ್ ಕೂಪ್

ಫೋರ್ಡ್ ಕಂಪನಿಯ ಹಳೆ ಮಸ್ಟಾಂಗ್ ಕಾರು ಕೊಳ್ಳಲೆಂದು ನೋಡಲು ಹೋದರೆ ನಾನು ಮೊದಲು ಕೇಳುವುದು ಒಂದು ಜಗ್ ನೀರು. ಬಾನೆಟ್ಟಿನ ಹಿಂದೆ, ಮುಂದಿನ ಗಾಜಿನ ಬುಡದಲ್ಲಿ ಗಾಳಿ ಒಳಗೆ ಹೋಗಲು ಸೀಳುಗಳಿವೆ. ಆ ಜಾಗಕ್ಕೆ ಇಲ್ಲಿ ಕೌಲ್ ಅನ್ನುತ್ತಾರೆ. ಅಲ್ಲಿ ನೀರು ಸುರಿದು, ಡ್ಯಾಶ್‌ಬೋರ್ಡ್ ಕೆಳಗೆ ಟಾರ್ಚ್ ಹಿಡಿದು ನೋಡಬೇಕು. ನೀರು ಕಾಲಿಡುವ ಜಾಗಕ್ಕೆ ತೊಟ್ಟಿಕ್ಕಿದರೆ ಒಳಗಿನ ತಗಡು ತುಕ್ಕು ತಿಂದಿದೆ ಅಂತ ಅರ್ಥ. ಅದನ್ನು ಸರಿ ಮಾಡಲು ಸ್ಪಾಟ್ ವೆಲ್ಡ್‌ಗಳನ್ನೆಲ್ಲ ಒಂದೊಂದಾಗಿ ಕೊರೆದು ಮೇಲಿನ ಹಾಳೆಯನ್ನೇ ಎತ್ತಬೇಕು. ಬಣ್ಣ ಎಷ್ಟೇ ಹೊಳೆಯಲಿ, ಅಂಥ ಕಾರು ಬಿಟ್ಟು ಬನ್ನಿ.

ನಾನಿರುವುದು ಮಿಷಿಗನ್‌ನಲ್ಲಿ, ಡೆಟ್ರಾಯಿಟ್ ಹತ್ತಿರ. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುವ ಊರು ಇದು. ಅದಕ್ಕೇ ಕ್ಯಾಲಿಫೋರ್ನಿಯಾದ ಒಣ ಕಾರನ್ನೇ ಹುಡುಕಿದೆ. ಸಿಕ್ಕಿದ ಕಾರಿಗೆ ಕಾರ್ಖಾನೆ ಕೊಟ್ಟ ನಂಬರ್ 6R07C ಅಂತ ಶುರುವಾಗುತ್ತದೆ. 6 ಅಂದರೆ 1966, R ಅಂದರೆ ಸ್ಯಾನ್ ಹೋಸೆ ಕಾರ್ಖಾನೆ, 07 ಅಂದರೆ ಕೂಪ್ (ಎರಡು ಬಾಗಿಲಿನ, ಗಟ್ಟಿ ಚಾವಣಿಯ ಮಾದರಿ), C ಅಂದರೆ ಎರಡು ಬ್ಯಾರೆಲ್ ಕಾರ್ಬುರೇಟರಿನ, 289 ಘನ ಇಂಚಿನ ವಿ8 (ಎಂಟು ಸಿಲಿಂಡರಿನ) ಎಂಜಿನ್. ಆ C ಮುಖ್ಯ. ಆರು ಸಿಲಿಂಡರಿನ ಕಾರಾದರೆ ಅಲ್ಲಿ T ಇರುತ್ತದೆ. ಅದರ ಚಕ್ರಕ್ಕೆ ನಾಲ್ಕೇ ಬೋಲ್ಟ್, ಹಿಂದಿನ ಆಕ್ಸಲ್ ಕೂಡ ಸಣ್ಣದು. ವಿ8 ಹಾಕುತ್ತೇನೆ ಅಂದರೆ ಅವೆಲ್ಲವನ್ನೂ ಬದಲಿಸಬೇಕು.

ಚಾವಣಿ ಹಿಂದಕ್ಕೆ ಇಳಿಜಾರಾಗಿರುವ ಫಾಸ್ಟ್‌ಬ್ಯಾಕ್ ಮಾದರಿ ಯಾಕೆ ತಗೊಳ್ಳಲಿಲ್ಲ ಅಂತ ಕೇಳುವವರು ಜಾಸ್ತಿ. ಆ ವರ್ಷ ಫೋರ್ಡ್ 6 ಲಕ್ಷಕ್ಕೂ ಹೆಚ್ಚು ಮಸ್ಟಾಂಗ್ ಮಾಡಿತು, ಅದರಲ್ಲಿ ಸುಮಾರು 5 ಲಕ್ಷ ಕೂಪ್‌ಗಳೇ. ಇಷ್ಟೊಂದು ಇರುವ ಕಾರಿನಲ್ಲಿ ಏನಾದರೂ ಬದಲಿಸಿದರೆ ಚರಿತ್ರೆಗೆ ನಷ್ಟವೇನಿಲ್ಲ. ಬೆಲೆಯೂ ಕಡಿಮೆ. ಆದರೂ ಒಂದು ನಿಯಮ ಇಟ್ಟುಕೊಂಡೆ: ಕಾರಿನ ಮೈಯನ್ನು ಗರಗಸದಿಂದ ಕತ್ತರಿಸುವಂತಿಲ್ಲ, ಆದಷ್ಟೂ ಬಿಚ್ಚಿ ವಾಪಸ್ ಹಾಕಲು ಬರುವಂಥದ್ದನ್ನೇ ಮಾಡಬೇಕು.

ಬೆಂಗಳೂರಿನ ಗೆಳೆಯನೊಬ್ಬ ಫೋನಿನಲ್ಲಿ, "ಲೋ, ಎಂಜಿನ್ ಯಾವ್ದು ಹಾಕ್ತೀಯೋ?" ಅಂದ. "ಮೊದ್ಲು ಬ್ರೇಕ್ ಕಣೋ" ಅಂದೆ. ನಕ್ಕುಬಿಟ್ಟ. ನಗುವಂಥದ್ದೇನಿಲ್ಲ. ಈ ಕಾರಿಗೆ ನಾಲ್ಕೂ ಕಡೆ ಡ್ರಮ್ ಬ್ರೇಕ್. ಪೆಡಲ್ ಒತ್ತಿದಾಗ ಬ್ರೇಕ್ ಎಣ್ಣೆಯನ್ನು ಚಕ್ರಗಳ ಕಡೆ ತಳ್ಳುವ ಮಾಸ್ಟರ್ ಸಿಲಿಂಡರಿನಲ್ಲಿ ಎಣ್ಣೆಗೆ ಒಂದೇ ಕೋಣೆ. ಎಲ್ಲಾದರೂ ಒಂದು ಹೋಸ್ ಒಡೆದರೆ ಪೆಡಲ್ ನೆಲ ಮುಟ್ಟುತ್ತದೆ, ನಾಲ್ಕೂ ಚಕ್ರದ ಬ್ರೇಕ್ ಒಟ್ಟಿಗೇ ಹೋಗುತ್ತದೆ. ಎರಡು ಕೋಣೆಯ ಸಿಲಿಂಡರ್ ಮಸ್ಟಾಂಗಿಗೆ ಬಂದದ್ದು 1967ರಲ್ಲಿ. ಆದ್ದರಿಂದ ಮೊದಲ ದುಡ್ಡು ಅದಕ್ಕೇ ಹೋಯಿತು. ಮುಂದಿನ ಚಕ್ರಗಳಿಗೆ ನಾಲ್ಕು ಪಿಸ್ಟನ್ನಿನ ಡಿಸ್ಕ್ ಹಾಕಿದೆ. ಆಗಿನ ವಿ8 ಕಾರುಗಳಿಗೆ ಹೆಚ್ಚು ದುಡ್ಡು ಕೊಟ್ಟರೆ ಇಂಥದ್ದೇ ಡಿಸ್ಕ್ ಸಿಗುತ್ತಿತ್ತು. ಹಿಂದೆ ಡ್ರಮ್ಮೇ ಉಳಿಸಿ, ಅದರ ಲೈನಿನಲ್ಲಿ ಒತ್ತಡ ತಗ್ಗಿಸುವ ವಾಲ್ವ್ ಕೂರಿಸಿದೆ. ಇಲ್ಲದಿದ್ದರೆ ಜೋರಾಗಿ ಒತ್ತಿದಾಗ ಹಿಂದಿನ ಚಕ್ರ ಮೊದಲು ಲಾಕ್ ಆಗಿ ಕಾರು ಅಡ್ಡ ತಿರುಗುತ್ತದೆ.

ಇಲ್ಲಿ ಒಂದು ಸಣ್ಣ ವಿಷಯ. ಡ್ರಮ್ಮಿಗೆಂದು ಮಾಡಿದ ಮಾಸ್ಟರ್ ಸಿಲಿಂಡರಿನಲ್ಲಿ ಲೈನಿನ ಒತ್ತಡ ಸ್ವಲ್ಪ ಉಳಿಸುವ ವಾಲ್ವ್ ಇರುತ್ತದೆ. ಡ್ರಮ್ಮಿಗೆ ಅದು ಬೇಕು. ಡಿಸ್ಕಿನ ಲೈನಿನಲ್ಲಿ ಅದೇ ವಾಲ್ವ್ ಇದ್ದರೆ ಪ್ಯಾಡ್ ಬಿಡುವುದೇ ಇಲ್ಲ, ಉಜ್ಜುತ್ತಲೇ ಇರುತ್ತದೆ. ಸಿಲಿಂಡರ್ ಕೊಳ್ಳುವಾಗ ಇದೊಂದನ್ನು ಕೇಳಿಯೇ ಕೊಳ್ಳಿ. ಪೆಡಲ್ ಒತ್ತಲು ನೆರವಾಗುವ ಬೂಸ್ಟರ್ ನಾನು ಹಾಕಲಿಲ್ಲ. ಕ್ಲಚ್ ಇರುವ ಕಾರಿನಲ್ಲಿ ಅದಕ್ಕೆ ಜಾಗ ಬಹಳ ಇಕ್ಕಟ್ಟು. ಸಿಲಿಂಡರಿನ ಒಳ ಅಗಲ ಒಂದು ಇಂಚಿನ ಬದಲು 15/16 ಇಂಚು ಇದ್ದರೆ ಪೆಡಲ್ ಒತ್ತಲು ಹಗುರ, ಕಾಲಿಗೆ ಅಷ್ಟು ಸಾಕು.

ಎರಡನೆಯದು ವೈರಿಂಗ್. ಹಳೆಯ ಕಾರಿನಲ್ಲಿ ಬೆರಳೆಣಿಕೆಯ ಗಾಜಿನ ಫ್ಯೂಸ್‌ಗಳು. ಹೆಡ್‌ಲೈಟಿನ ಇಡೀ ಕರೆಂಟ್ ಡ್ಯಾಶ್‌ಬೋರ್ಡಿನ ಸ್ವಿಚ್ ಮೂಲಕವೇ ಹರಿಯುತ್ತದೆ. ನಾನು ಹಳೆ ವೈರನ್ನೆಲ್ಲ ಎಳೆದು ತೆಗೆದು ಹೊಸ ಹಾರ್ನೆಸ್ (ವೈರುಗಳ ಕಟ್ಟು) ಹಾಕಿದೆ, ಹೆಡ್‌ಲೈಟಿನ ಇಡೀ ಕರೆಂಟ್ ಸ್ವಿಚ್ಚಿನ ಮೂಲಕ ಹೋಗದಂತೆ ರಿಲೇ ಕೊಟ್ಟೆ, ಆಲ್ಟರ್ನೇಟರ್ ದೊಡ್ಡದು ಮಾಡಿದೆ. ಪೆಟ್ರೋಲ್ ಮತ್ತು ಬಿಸಿ ತೋರಿಸುವ ಮೀಟರುಗಳು ಮಾತ್ರ 12 ವೋಲ್ಟಿನವಲ್ಲ. ಅವುಗಳ ಹಿಂದೆ ಸುಮಾರು 5 ವೋಲ್ಟಿಗೆ ಇಳಿಸುವ ಪುಟ್ಟ ರೆಗ್ಯುಲೇಟರ್ ಇದೆ. ಅದನ್ನು ಮರೆತು ನೇರ ಕೊಟ್ಟರೆ ಮೀಟರ್ ಸುಟ್ಟೇ ಹೋಗುತ್ತದೆ.

ಇಷ್ಟಾದ ಮೇಲೆ ಎಂಜಿನ್. ಈಗಿನವರಿಗೆಲ್ಲ 2011ರ ಮಸ್ಟಾಂಗಿನಿಂದ ಬಂದ ಫೋರ್ಡಿನ ಕೊಯೋಟಿ ವಿ8 ಎಂಜಿನ್ನೇ ಬೇಕು. ಒಳ್ಳೆಯ ಎಂಜಿನ್, ಅನುಮಾನವಿಲ್ಲ. ಆದರೆ ಅದರ ತಲೆ ಅಗಲ. ಕೂರಿಸಲು ಎರಡೂ ಪಕ್ಕದ ಶಾಕ್ ಟವರ್ (ಮುಂದಿನ ಸ್ಪ್ರಿಂಗ್ ಕೂರುವ ಗೂಡು) ಕತ್ತರಿಸಿ ಮುಂದಿನ ಸಸ್ಪೆನ್ಷನ್ನೇ ಬೇರೆ ಹಾಕಬೇಕು. ನನ್ನ ನಿಯಮಕ್ಕೆ ಅದು ಒಗ್ಗಲಿಲ್ಲ. 1987ರಿಂದ 1992ರವರೆಗಿನ ಮಸ್ಟಾಂಗಿನ 5.0 ಲೀಟರ್ ಎಂಜಿನ್ ಇದೆಯಲ್ಲ, ಅದು 289ರ ಮೊಮ್ಮಗ. ಹೊರಗಿನ ಅಳತೆ ಹೆಚ್ಚುಕಮ್ಮಿ ಅದೇ, ಹಳೆಯ ಮೌಂಟಿನ ಮೇಲೇ ಕೂರುತ್ತದೆ. ಒಳಗೆ ಉಜ್ಜಾಟ ಕಡಿಮೆ ಮಾಡುವ ರೋಲರ್ ಕ್ಯಾಮ್ ಇದೆ. ಕಾಗದದ ಮೇಲೆ 289ಕ್ಕೆ 200 ಹಾರ್ಸ್‌ಪವರ್, ಇದಕ್ಕೆ 225. ಇಷ್ಟೇನಾ ಅನ್ನಿಸಬಹುದು. ಆದರೆ ಆ 200 ಅನ್ನುವುದು ಏರ್ ಕ್ಲೀನರ್, ಸೈಲೆನ್ಸರ್ ಏನೂ ಇಲ್ಲದೆ ಬೆಂಚಿನ ಮೇಲೆ ಅಳೆದ ಲೆಕ್ಕ. 225 ಎಲ್ಲವನ್ನೂ ಹಾಕಿ ಅಳೆದದ್ದು. ಓಡಿಸಿದಾಗ ವ್ಯತ್ಯಾಸ ಚೆನ್ನಾಗಿಯೇ ಗೊತ್ತಾಗುತ್ತದೆ.

ಒಂದೇ ವಂಶವಾದರೂ ಕೆಲವು ಕಡೆ ಜಾಣತನ ಬೇಕು. ಹೊಸ ಎಂಜಿನ್ನಿನ ಆಯಿಲ್ ಪ್ಯಾನಿಗೆ ಎಣ್ಣೆ ನಿಲ್ಲುವ ಎರಡು ಗುಂಡಿ, ನಮ್ಮ ಕಾರಿಗೆ ಮುಂದೆ ಒಂದೇ ಗುಂಡಿಯದು ಬೇಕು. ಪ್ಯಾನ್ ಜೊತೆ ಒಳಗಿನ ಪಿಕಪ್ ಕೊಳವೆಯನ್ನೂ ಬದಲಿಸಿ. 289ರ ಫ್ಲೈವೀಲ್ 28 ಔನ್ಸ್ ಬ್ಯಾಲೆನ್ಸಿನದು, 5.0ದ್ದು 50 ಔನ್ಸ್. ಹಳೆಯದನ್ನೇ ಹಾಕಿದರೆ ಎಂಜಿನ್ ನಡುಗಿ ನಡುಗಿ ಹಾಳಾಗುತ್ತದೆ. ಎಂಜಿನ್ನಿನ ಮುಂದಿನ ತುದಿಯ ಡ್ಯಾಂಪರಿಗೂ ಇದೇ ಮಾತು. ಫೈರಿಂಗ್ ಆರ್ಡರ್ (ಸಿಲಿಂಡರುಗಳಲ್ಲಿ ಕಿಡಿ ಹೊತ್ತುವ ಸರದಿ) ಕೂಡ ಬೇರೆ: 289ಕ್ಕೆ 1-5-4-2-6-3-7-8, ಇದಕ್ಕೆ 1-3-7-2-6-5-4-8. ಹಳೆ ಪುಸ್ತಕ ನೋಡಿ ಪ್ಲಗ್ ವೈರ್ ಹಾಕಿದರೆ ಕಾರ್ಬುರೇಟರಿನಿಂದಲೇ ಪಟಾಕಿ ಸದ್ದು ಬರುತ್ತದೆ. ಡಿಸ್ಟ್ರಿಬ್ಯೂಟರಿನ ಗೇರ್ ಉಕ್ಕಿನದೇ ಇರಲಿ. ಎರಕದ ಕಬ್ಬಿಣದ್ದನ್ನು ಈ ಕ್ಯಾಮ್ ಸವೆಸಿಬಿಡುತ್ತದೆ.

ಕಾರ್ಬುರೇಟರ್ ಜಾಗದಲ್ಲಿ ಅದೇ ಆಕಾರದ, ಪೆಟ್ರೋಲನ್ನು ಒತ್ತಡದಿಂದ ಸಿಂಪಡಿಸುವ ಥ್ರಾಟಲ್ ಬಾಡಿ ಇಂಜೆಕ್ಷನ್ ಕೂರಿಸಿದೆ. ಮೇಲೆ ಹಳೆಯ ದುಂಡು ಏರ್ ಕ್ಲೀನರ್ ಮುಚ್ಚಿದರೆ ಬಾನೆಟ್ ತೆಗೆದವರಿಗೂ ತಕ್ಷಣ ಗೊತ್ತಾಗುವುದಿಲ್ಲ. ಪೆಟ್ರೋಲ್ ಎತ್ತುವ ಹಳೆಯ ಪಂಪ್ ಕೊಡುತ್ತಿದ್ದ ಒತ್ತಡ 5 ಪಿಎಸ್‌ಐ ಆಸುಪಾಸು, ಇದಕ್ಕೆ 60ರ ಹತ್ತಿರ ಬೇಕು. ಹಾಗಾಗಿ ಟ್ಯಾಂಕಿನೊಳಗೇ ಪಂಪ್ ಇರುವ ಹೊಸ ಟ್ಯಾಂಕ್, ವಾಪಸ್ ಬರುವ ಇನ್ನೊಂದು ಲೈನ್, ಇಂಜೆಕ್ಷನ್ನಿಗೆಂದೇ ಮಾಡಿದ ಹೋಸ್. ಅಂದ ಹಾಗೆ, ಈ ಕಾರಿನಲ್ಲಿ ಪೆಟ್ರೋಲ್ ಟ್ಯಾಂಕಿನ ಮೇಲ್ಭಾಗವೇ ಡಿಕ್ಕಿಯ ನೆಲ! ಡಿಕ್ಕಿಗೂ ಹಿಂದಿನ ಸೀಟಿಗೂ ನಡುವೆ ತೆಳು ಹಾಳೆ, ಅಷ್ಟೆ. ಅಲ್ಲಿ ನಾನು ಉಕ್ಕಿನ ತಡೆ ಹಾಕಿದೆ. ಇದನ್ನು ಯಾರೂ ಫೋಟೋ ತೆಗೆಯುವುದಿಲ್ಲ, ಆದರೂ ಹಾಕಿ.

ಮೂರು ಗೇರಿನ ಸಿ4 ಆಟೊಮ್ಯಾಟಿಕ್ ತೆಗೆದು ಕ್ಲಚ್ ಒತ್ತಿ ಕೈಯಿಂದ ಬದಲಿಸುವ, ಐದು ಗೇರಿನ ಟಿ-5 ಹಾಕಿದೆ. ಐದನೆಯ ಗೇರಿನ ಅನುಪಾತ 0.68. ಹಿಂದಿನ ಆಕ್ಸಲಿನ ಅನುಪಾತ 3.00 ಇತ್ತು. ಅದರ ಜೊತೆ ಐದನೇ ಗೇರಿನಲ್ಲಿ ಎಂಜಿನ್ ತೂಕಡಿಸುತ್ತದೆ, ಅದಕ್ಕೇ 3.55 ಮಾಡಿದೆ. ಈಗ ಫ್ರೀವೇನಲ್ಲಿ ಗಂಟೆಗೆ 70 ಮೈಲಿ ವೇಗದಲ್ಲಿ ಎಂಜಿನ್ ನಿಮಿಷಕ್ಕೆ ಸುಮಾರು 2300 ಸುತ್ತು. ಮೊದಲು 2800 ದಾಟುತ್ತಿತ್ತು. ಪಕ್ಕದಲ್ಲಿ ಕೂತವರ ಜೊತೆ ಕೂಗದೆ ಮಾತಾಡಬಹುದು.

ಸಸ್ಪೆನ್ಷನ್ನಿಗೆ ಹೆಚ್ಚು ಖರ್ಚಾಗಲಿಲ್ಲ. ಫೋರ್ಡ್ ಎಂಜಿನಿಯರ್ ಕ್ಲಾಸ್ ಆರ್ನಿಂಗ್ ತೋರಿಸಿದ ಉಪಾಯ, ಮಸ್ಟಾಂಗಿನ ಚುರುಕಿನ ರೂಪವಾದ ಶೆಲ್ಬಿ ಕಾರುಗಳಲ್ಲಿ ಬಂದದ್ದು: ಮುಂದಿನ ಚಕ್ರ ಹಿಡಿದಿರುವ ಮೇಲಿನ ಆರ್ಮ್ ಅನ್ನು ಒಂದು ಇಂಚು ಕೆಳಗಿಳಿಸುವುದು. ಒಂದೊಂದು ಪಕ್ಕಕ್ಕೆ ಎರಡೆರಡು ತೂತು ಕೊರೆದರೆ ಮುಗಿಯಿತು. ತಿರುವಿನಲ್ಲಿ ಟೈರು ರಸ್ತೆಗೆ ಚಪ್ಪಟೆಯಾಗಿ ಕೂರುತ್ತದೆ. ನೂರಾರು ಡಾಲರಿನ ಕಿಟ್‌ಗಳಿಗಿಂತ ಇದೇ ಹೆಚ್ಚು ಉಪಯೋಗಕ್ಕೆ ಬಂತು. ಚಕ್ರ 15 ಇಂಚಿನವು. 18 ಇಂಚು ಹಾಕಿದ ಮಸ್ಟಾಂಗ್ ನನ್ನ ಕಣ್ಣಿಗೆ ಹಿಡಿಸಲ್ಲ. ಟಚ್ ಸ್ಕ್ರೀನ್ ಕೂಡ ಬೇಡ ಅಂದೆ.

ಹೆಂಡತಿಯ ಷರತ್ತು ಒಂದೇ ಇತ್ತು: "ಮೂರು ಪಾಯಿಂಟಿನ ಬೆಲ್ಟ್ ಹಾಕೋವರೆಗೂ ಮಕ್ಕಳನ್ನ ಕೂರಿಸ್ಬೇಡಿ." ಸರಿಯಾದ ಮಾತು. ಆಗ ಕೊಡುತ್ತಿದ್ದದ್ದು ಸೊಂಟದ ಬೆಲ್ಟ್ ಮಾತ್ರ. ಕೂಪಿನಲ್ಲಿ ಬಾಗಿಲ ಹಿಂದೆ ಕಂಬವೇ ಇಲ್ಲ. ಹಾಗಾಗಿ ಭುಜದ ಬೆಲ್ಟನ್ನು ಚಾವಣಿಯ ಅಂಚಿಗೆ ಒಳಗಿನಿಂದ ದಪ್ಪ ಪಟ್ಟಿ ಕೊಟ್ಟು ಬಿಗಿಯಬೇಕು. ಆ ವೆಲ್ಡಿಂಗನ್ನು ನಾನು ಮಾಡಲಿಲ್ಲ, ತಿಳಿದವರಿಗೆ ಕೊಟ್ಟೆ.

ಇವೆಲ್ಲದರ ನಿಜವಾದ ಪರೀಕ್ಷೆ ವುಡ್‌ವರ್ಡ್ ಡ್ರೀಮ್ ಕ್ರೂಸ್. 1995ರಿಂದ ಆಗಸ್ಟಿನಲ್ಲಿ ಇಲ್ಲಿನ ವುಡ್‌ವರ್ಡ್ ಅವೆನ್ಯೂನಲ್ಲಿ ಹಳೆ ಕಾರುಗಳ ಜಾತ್ರೆ. ವೇಗವೇ ಇಲ್ಲ, ಬಿಸಿಲಲ್ಲಿ ಗಂಟೆಗಟ್ಟಲೆ ತೆವಳುವುದು. ಅಲ್ಯುಮಿನಿಯಂ ರೇಡಿಯೇಟರ್ ಮತ್ತು ಎಲೆಕ್ಟ್ರಿಕ್ ಫ್ಯಾನ್ ಅಲ್ಲಿ ಮಾನ ಉಳಿಸಿದವು. ಬಿಸಿ ತೋರಿಸುವ ಮೀಟರಿನ ಮುಳ್ಳು ಮಧ್ಯ ದಾಟಲಿಲ್ಲ. ಬೆವರಿದ್ದು ನಾವೇ, ಯಾಕೆಂದರೆ ಎಸಿ ಇನ್ನೂ ಹಾಕಿಲ್ಲ. ಕಂಪ್ರೆಸರಿನ ಬ್ರಾಕೆಟ್ ತಂದಿಟ್ಟಿದ್ದೇನೆ. ಬಿಚ್ಚಿದ 289 ಮತ್ತು ಸಿ4 ಗ್ಯಾರೇಜಿನ ಮೂಲೆಯಲ್ಲಿವೆ, ಎಣ್ಣೆ ಹಚ್ಚಿ ಸುತ್ತಿಟ್ಟಿದ್ದೇನೆ. ಕಾರನ್ನು ಯಾವತ್ತಾದರೂ ಮಾರಿದರೆ ಅವೂ ಜೊತೆಗೇ ಹೋಗುತ್ತವೆ.