ನಕ್ಕ ಕಡೆ ಒಂದು ಟಿಕ್

ನಮ್ಮ ಗುಂಪಿನಲ್ಲಿ ಬರೆದವರು ತಮ್ಮ ಬರಹವನ್ನು ತಾವೇ ಓದುವಂತಿಲ್ಲ. ಪಕ್ಕದಲ್ಲಿ ಕೂತವರಿಗೆ ಕೊಡಬೇಕು. ಅವರು ಗಟ್ಟಿಯಾಗಿ ಓದುತ್ತಾರೆ, ಬರೆದವರು ಸುಮ್ಮನೆ ಕೇಳುತ್ತಾರೆ. ಹೊಸಬರಿಗೆ ಇದು ಶಿಕ್ಷೆ ಅನ್ನಿಸುತ್ತದೆ. ಆದರೆ ನಗೆಬರಹ ಬರೆಯುವವರೆಲ್ಲ ಸ್ವಲ್ಪ ನಟರೇ. ತಾವೇ ಓದಿದರೆ ಎಲ್ಲಿ ನಿಲ್ಲಬೇಕು, ಎಲ್ಲಿ ಹುಬ್ಬು ಏರಿಸಬೇಕು ಅನ್ನೋದು ಅವರಿಗೆ ಗೊತ್ತು. ಸತ್ತ ಸಾಲೂ ಎದ್ದು ಕೂರುತ್ತದೆ. ಪತ್ರಿಕೆಯಲ್ಲಿ ಅಚ್ಚಾದ ಮೇಲೆ ಓದುಗರ ಮನೆಗೆಲ್ಲ ಹೋಗಿ ಹುಬ್ಬು ಏರಿಸಿ ಬರೋಕಾಗುತ್ತಾ?

ನಾವು ಮೈಸೂರಿನ ಒಂದಷ್ಟು ಹವ್ಯಾಸಿಗಳು. ರಿಟೈರಾದ ಹೈಸ್ಕೂಲ್ ಮೇಷ್ಟ್ರು ಒಬ್ಬರು, ಬ್ಯಾಂಕಿನವರು ಒಬ್ಬರು, ಸಾಫ್ಟ್‌ವೇರ್ ಕೆಲಸದ ಹುಡುಗಿ, ಗದಗಿನ ಕಡೆಯಿಂದ ಬಂದು ಇಲ್ಲೇ ನೆಲೆಸಿದ ಗೆಳೆಯರು, ನಾನು. ಆಗಾಗ ಬಂದು ಹೋಗುವವರು ಇನ್ನೂ ಕೆಲವರು. ತಿಂಗಳಿಗೊಂದು ಭಾನುವಾರ ಮೇಷ್ಟ್ರ ಮನೆಯ ಜಗಲಿಯಲ್ಲಿ ಸೇರುತ್ತೇವೆ. ಕಾಫಿ ಅವರ ಮನೆಯದು, ಕುರುಕು ತಿಂಡಿ ನಮ್ಮದು.

ಶುರುವಿನಲ್ಲಿ ನಮ್ಮ ವಿಮರ್ಶೆಯೆಲ್ಲ ಒಂದೇ ಮಾತಿನಲ್ಲಿ ಮುಗಿಯುತ್ತಿತ್ತು: "ಚೆನ್ನಾಗಿದೆ ಸಾರ್." ಅದರಲ್ಲೂ ಮೇಷ್ಟ್ರ ಬರಹಕ್ಕೆ ಇನ್ನೇನು ಹೇಳೋದು? ವಯಸ್ಸಿನಲ್ಲಿ ದೊಡ್ಡವರು, ಮೇಲಾಗಿ ಅವರ ಮನೆಯ ಕಾಫಿ ಕುಡಿಯುತ್ತಿದ್ದೇವೆ. "ಮೇಷ್ಟ್ರೇ, ನಗು ಬರಲಿಲ್ಲ" ಅನ್ನುವ ಧೈರ್ಯ ಯಾರಿಗಿದೆ? ಬೇರೆ ಬರಹವಾದರೆ ಭಾಷೆ ಚೆನ್ನಾಗಿದೆ, ವಿಷಯ ಚೆನ್ನಾಗಿದೆ ಅಂತ ದಾಟಿಕೊಳ್ಳಬಹುದು. ನಗೆಬರಹದಲ್ಲಿ ಆ ದಾರಿ ಇಲ್ಲ. ನಗು ಬಂತಾ, ಇಲ್ವಾ, ಅಷ್ಟೇ.

ಹಾಗಾಗಿ ಮಾತು ಬಿಟ್ಟು ಪೆನ್ಸಿಲ್ ಹಿಡಿದೆವು. ಭಾನುವಾರಕ್ಕೆ ಮೊದಲೇ ಎಲ್ಲರಿಗೂ ಒಂದೊಂದು ಜೆರಾಕ್ಸ್ ಪ್ರತಿ ಹೋಗುತ್ತದೆ. ಮನೆಯಲ್ಲಿ ಒಬ್ಬರೇ ಕೂತು ಓದಬೇಕು. ನಗು ಬಂದ ಕಡೆ, ಬರೀ ತುಟಿ ಅರಳಿದರೂ ಸರಿ, ಅಂಚಿನಲ್ಲಿ ಒಂದು ಟಿಕ್. ಮನಸ್ಸು ಬೇರೆ ಕಡೆ ಹೋದರೆ ಅಲ್ಲಿಂದ ಒಂದು ಉದ್ದ ಗೆರೆ. ಅರ್ಥ ಆಗದಿದ್ದರೆ ಪ್ರಶ್ನೆಯ ಗುರುತು. ಕಾರಣ ಬರೆಯುವ ಹಾಗಿಲ್ಲ, ಹೆಸರೂ ಹಾಕುವ ಹಾಗಿಲ್ಲ. ಪ್ರತಿಗಳನ್ನೆಲ್ಲ ಒಟ್ಟಿಗೆ ಬರೆದವರ ಕೈಗೆ ಕೊಡುತ್ತೇವೆ. ಎಲ್ಲ ಪ್ರತಿಯಲ್ಲೂ ಒಂದೇ ಪ್ಯಾರಾದ ಪಕ್ಕ ಉದ್ದ ಗೆರೆ ಇದ್ದರೆ ಯಾರೂ ಬಾಯಿ ಬಿಡಬೇಕಾಗಿಲ್ಲ.

ಒಬ್ಬರೇ ಓದಬೇಕು ಅನ್ನುವುದಕ್ಕೂ ಕಾರಣ ಇದೆ. ಗುಂಪಿನಲ್ಲಿ ಒಬ್ಬರು ನಕ್ಕರೆ ಉಳಿದವರೂ ನಗುತ್ತಾರೆ. ಹಾಸ್ಯೋತ್ಸವಗಳಲ್ಲಿ ನಡೆಯುವುದು ಅದೇ. ಗಂಗಾವತಿ ಪ್ರಾಣೇಶ್ ವೇದಿಕೆಯ ಮೇಲೆ ಒಂದು ಮಾತು ಹೇಳಿ ಸ್ವಲ್ಪ ಹೊತ್ತು ಸುಮ್ಮನೆ ನಿಂತರೆ, ಆ ಸುಮ್ಮನಿರುವಿಕೆಗೇ ಸಭೆ ನಗುತ್ತದೆ. ಕಾಗದಕ್ಕೆ ಆ ಸೌಕರ್ಯ ಇಲ್ಲ. ಅದಕ್ಕೇ ನಮ್ಮಲ್ಲಿ ಮೊದಲು ಪೆನ್ಸಿಲ್, ಆಮೇಲೆ ಗಟ್ಟಿ ಓದು. ಎರಡೂ ಕಡೆ ಗೆದ್ದ ಸಾಲನ್ನು ಮುಟ್ಟುವುದಿಲ್ಲ.

ಪೆನ್ಸಿಲ್ ಹಿಡಿಯುವುದಕ್ಕೂ ಅಭ್ಯಾಸ ಬೇಕು. ಎದುರಿಗಿರುವವರ ಬರಹದ ಮೇಲೆ ಗೆರೆ ಎಳೆಯಲು ಕೈ ಬರುವುದಿಲ್ಲ. ಇದಕ್ಕೆ ಮೇಷ್ಟ್ರೇ ಉಪಾಯ ಹೇಳಿದರು: ಹಳೆಯ 'ಕೊರವಂಜಿ'. ರಾಶಿ ಅವರು 1942ರಲ್ಲಿ ಶುರು ಮಾಡಿದ ಈ ಹಾಸ್ಯ ಪತ್ರಿಕೆ 1967ರವರೆಗೆ ನಡೆಯಿತು. ರಾಶಿ ಅಂದರೆ ಡಾಕ್ಟರ್ ಶಿವರಾಂ, ರೋಗಿಗಳನ್ನು ನೋಡಿಕೊಂಡೇ ಪತ್ರಿಕೆಯನ್ನೂ ನೋಡಿಕೊಂಡವರು. ಅದರಲ್ಲಿ ಬರೆಯುತ್ತಿದ್ದ ನಾ. ಕಸ್ತೂರಿ ನಮ್ಮೂರಿನ ಮಹಾರಾಜ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದರು. ಆರ್.ಕೆ. ಲಕ್ಷ್ಮಣ್ ಅದೇ ಕಾಲೇಜಿನ ಹುಡುಗನಾಗಿದ್ದಾಗಲೇ ಅದಕ್ಕೆ ಚಿತ್ರ ಬರೆದರು. ರಾಶಿಗೂ ಕಸ್ತೂರಿಗೂ ಹೊಟ್ಟೆಪಾಡಿನ ಕೆಲಸ ಬೇರೆ ಇತ್ತು ಅನ್ನೋದು ನಮ್ಮಂಥವರಿಗೆ ಸಮಾಧಾನ. ಅಲ್ಲಿನ ಬರಹಗಳ ಜೆರಾಕ್ಸ್ ತಂದು ಟಿಕ್ಕು, ಗೆರೆ ಹಾಕಿ ಕೈ ಪಳಗಿಸಿಕೊಂಡೆವು. ಅಲ್ಲಿ ಯಾರ ಮನಸ್ಸೂ ನೋಯುವುದಿಲ್ಲ. ಇನ್ನೊಂದು ಲಾಭವೂ ಆಯಿತು. ಆ ಕಾಲದ ಸುದ್ದಿ ಹಿಡಿದು ಮಾಡಿದ ತಮಾಷೆಗೆ ಸಾಫ್ಟ್‌ವೇರ್ ಹುಡುಗಿಯ ಪ್ರತಿಯಲ್ಲಿ ಬರೀ ಪ್ರಶ್ನೆಯ ಗುರುತು. ಮನುಷ್ಯರ ಜಂಬ, ಜಿಪುಣತನದ ಮೇಲಿನ ಸಾಲುಗಳಿಗೆ ಟಿಕ್. ನಮ್ಮ ವಾಟ್ಸಾಪ್ ಜೋಕುಗಳ ಗತಿ ಏನು ಅಂತ ಅವತ್ತೇ ಗೊತ್ತಾಯಿತು.

ಇನ್ನೊಂದು ಕಟ್ಟಳೆ: "ನಾನಾಗಿದ್ರೆ ಹೀಗೆ ಬರೀತಿದ್ದೆ" ಅನ್ನುವ ಹಾಗಿಲ್ಲ. ನಗೆಬರಹ ಕಂಡರೆ ಓದಿದವರಿಗೆಲ್ಲ ಒಂದು ಜೋಕು ಹೊಳೆಯುತ್ತದೆ. ಅದನ್ನು ಹೇಳದೆ ಇರುವುದು ಬಹಳ ಕಷ್ಟ. ಆದರೆ ಐದು ಜನರ ಜೋಕು ಸೇರಿದ ಬರಹ ಯಾರದ್ದೂ ಆಗಿರುವುದಿಲ್ಲ. ಬರೆದವರು ತಾವಾಗಿ ಕೇಳಿದರೆ ಮಾತ್ರ ಹೇಳಬಹುದು. ನಮ್ಮ ಬ್ಯಾಂಕಿನವರು ಇದನ್ನು ಈಗಲೂ ಪಾಲಿಸುವುದಿಲ್ಲ ಅನ್ನೋದು ಬೇರೆ ಮಾತು.

ಹಾಗಾದರೆ ಏನು ಹೇಳಬೇಕು? ಸಾಲು ಎಲ್ಲಿ ಸೋತಿತು ಅಂತ ತೋರಿಸಬಹುದು. ಸಾಫ್ಟ್‌ವೇರ್ ಹುಡುಗಿ ಮದುವೆ ಊಟದ ಬಗ್ಗೆ ಬರೆದಿದ್ದಳು. ಛತ್ರದಲ್ಲಿ ನಾವು ಉಣ್ಣುತ್ತಿರುವಾಗಲೇ ಮುಂದಿನ ಪಂಕ್ತಿಯವರು ಬೆನ್ನ ಹಿಂದೆ ಬಂದು ನಿಲ್ಲುತ್ತಾರಲ್ಲ, ಆ ಕಥೆ. ಅದರಲ್ಲಿ ಒಂದು ಸಾಲು: "ನಾನು ಚಿರೋಟಿಗೆ ಹಾಲು ಹಾಕಿಸಿಕೊಳ್ಳುವಷ್ಟರಲ್ಲಿ ನನ್ನ ಕುರ್ಚಿಯ ಬೆನ್ನಿಗೆ ಯಾರದೋ ಕೈಚೀಲ ನೇತುಹಾಕಲ್ಪಟ್ಟಿರುವುದು ನನ್ನ ಗಮನಕ್ಕೆ ಬಂತು (ನನ್ನನ್ನು ಎಬ್ಬಿಸುವ ತವಕ ನೋಡಿ!!)." ಎಲ್ಲರಿಗೂ ಅಂಥದ್ದು ಆಗಿದೆ, ಆದರೂ ಟಿಕ್ ಬಿದ್ದಿರಲಿಲ್ಲ. ಮೇಷ್ಟ್ರು ಕೇಳಿದ್ದು ಇಷ್ಟೇ: "ಇದರಲ್ಲಿ ನಗಿಸೋ ವಸ್ತು ಯಾವುದಮ್ಮ?" ಕೈಚೀಲ. "ಅದಾದ ಮೇಲೆ ಎಷ್ಟು ಮಾತಿದೆ ನೋಡು." ಕನ್ನಡದ ವಾಕ್ಯ ಸಾಮಾನ್ಯವಾಗಿ ಕ್ರಿಯಾಪದದಲ್ಲಿ ಮುಗಿಯುತ್ತದೆ. ನಗು ಕೈಚೀಲದಲ್ಲಿದ್ದರೆ, ಅದನ್ನು ದಾಟಿ "ಗಮನಕ್ಕೆ ಬಂತು" ಮುಟ್ಟುವ ಹೊತ್ತಿಗೆ ಆರಿಹೋಗಿರುತ್ತದೆ. ಮುಂದಿನ ತಿಂಗಳು ಆ ಸಾಲು ಹೀಗಾಗಿತ್ತು: "ಚಿರೋಟಿಗೆ ಹಾಲು ಬೀಳುವಷ್ಟರಲ್ಲಿ ನನ್ನ ಕುರ್ಚಿಯ ಬೆನ್ನಿಗೆ ಯಾರದೋ ಕೈಚೀಲ." ಕ್ರಿಯಾಪದ ಇಲ್ಲ, ಕಂಸ ಇಲ್ಲ, ಆಶ್ಚರ್ಯದ ಗುರುತೂ ಇಲ್ಲ. ಎಲ್ಲ ಪ್ರತಿಯಲ್ಲೂ ಟಿಕ್. ಆಶ್ಚರ್ಯದ ಗುರುತಿನ ಬಗ್ಗೆ ನನ್ನದೊಂದು ಹಠ ಇದೆ: ನಗೆಬರಹದಲ್ಲಿ ಅದು ಓದುಗರ ಪಕ್ಕೆಗೆ ತಿವಿದು "ನಗ್ರೀ" ಅನ್ನುತ್ತದೆ. ನನಗಂತೂ ಬೇಡ.

ಅನಿಸಿಕೆ ಕೇಳುವವರು ಒಂದನ್ನು ತಿಳಿದಿದ್ದರೆ ಒಳ್ಳೆಯದು. ಓದುಗರು ಬೆರಳಿಟ್ಟ ಜಾಗ ಸರಿಯಾಗಿಯೇ ಇರುತ್ತದೆ. ಆದರೆ ರೋಗ ಎಷ್ಟೋ ಸಲ ನಾಲ್ಕು ಸಾಲು ಮೇಲೆ ಇರುತ್ತದೆ. ನನ್ನದೇ ಒಂದು ಬರಹ, ಮಾವನವರ ಹಳೇ ಸ್ಕೂಟರ್ ಮಾರಿದ್ದು. ಕೊಳ್ಳಲು ಬಂದ ಹುಡುಗನನ್ನು ಮಾವನವರು ಕೂರಿಸಿಕೊಂಡು ವಿಚಾರಿಸುತ್ತಾರೆ. ಊರು ಯಾವುದು? ಮನೆ ಸ್ವಂತದ್ದಾ? ಕುಡಿಯೋ ಅಭ್ಯಾಸ ಇದೆಯಾ? ಕೊನೆಗೆ ಗೋತ್ರ ಕೇಳುತ್ತಾರೆ. ಈ ಗೋತ್ರದ ಸಾಲಿಗೆ ಒಂದು ಟಿಕ್ ಕೂಡ ಇರಲಿಲ್ಲ. ಗೋತ್ರದ ಬದಲು ಜಾತಕ, ಸಂಬಳ ಅಂತೆಲ್ಲ ಹಾಕಿ ನೋಡಿದೆ, ಪ್ರಯೋಜನ ಆಗಲಿಲ್ಲ. ಆಮೇಲೆ ಮೇಲಿನಿಂದ ಓದುತ್ತಾ ಬಂದಾಗ ಕಂಡಿತು. ಶುರುವಿನಲ್ಲೇ "ಮಗಳನ್ನು ಧಾರೆ ಎರೆದು ಕೊಡುವವರ ಹಾಗೆ" ಅಂತ ಒಂದು ಸಾಲಿತ್ತು. ಗುಟ್ಟು ಅಲ್ಲೇ ರಟ್ಟಾಗಿತ್ತು. ಅದನ್ನು ತೆಗೆದೆ, ಗೋತ್ರವನ್ನು ಇದ್ದ ಹಾಗೇ ಬಿಟ್ಟೆ. ಈಗ ಓದುಗರು ಒಂದೊಂದೇ ಪ್ರಶ್ನೆಯಲ್ಲಿ ತಾವೇ ಕನ್ಯಾದಾನಕ್ಕೆ ಬಂದು ತಲುಪುತ್ತಾರೆ. ಟಿಕ್ ಬಿತ್ತು.

ಹೆಂಡತಿ ಜೋಕುಗಳ ವಿಷಯ ಸ್ವಲ್ಪ ಸೂಕ್ಷ್ಮ. ಬ್ಯಾಂಕಿನವರು ಹೆಂಡತಿಯ ಆನ್‌ಲೈನ್ ಶಾಪಿಂಗ್ ಬಗ್ಗೆ ಬರೆದು ತಂದರು. ಒಂದು ಪ್ರತಿಯಲ್ಲಿ ಮೊದಲ ಪುಟದಿಂದ ಕೊನೆಯವರೆಗೆ ಒಂದೇ ಗೆರೆ. ಯಾರದು ಅಂತ ಎಲ್ಲರಿಗೂ ಗೊತ್ತಾಯಿತು. "ಸಿಟ್ಟೇನಿಲ್ಲ ಸಾರ್," ಅಂದಳು ಹುಡುಗಿ, "ಮೊದಲನೇ ಸಾಲು ಓದುವಾಗಲೇ ಕೊನೇ ಸಾಲು ಗೊತ್ತಾಗೋಯ್ತು." ಈ ವಿಷಯದಲ್ಲಿ ನಾನು ಕೇಳಿದ ಅತ್ಯಂತ ಉಪಯುಕ್ತ ಮಾತು ಇದೇ. ತಪ್ಪು, ಒಪ್ಪು ಅಂತ ವಾದಕ್ಕಿಳಿದಿದ್ದರೆ ಅವರೂ ವಾದ ಮಾಡುತ್ತಿದ್ದರು. ಬೋರು ಅಂದರೆ ಯಾವ ಬರಹಗಾರನೂ ವಾದ ಮಾಡಲಾರ. ಕಾಫಿ ಕುಡಿಯುತ್ತಾ ಅವರೇ ಬಾಯಿಬಿಟ್ಟರು: ಬಂದ ಡಬ್ಬಗಳನ್ನು, "ಯಾವತ್ತಾದರೂ ಬೇಕಾಗುತ್ತೆ" ಅಂತ, ಅಟ್ಟದ ಮೇಲೆ ಪೇರಿಸಿಡುವುದು ಇವರೇ ಅಂತೆ. ಅಟ್ಟದಲ್ಲಿ ಜಾಗ ಸಾಲದೆ ಈಗ ಮಂಚದ ಕೆಳಗೂ ಡಬ್ಬಗಳು. ಬರಹ ಆ ಡಬ್ಬಗಳ ಮೇಲೆ ಹೋಯಿತು. ಹೆಂಡತಿ ಅದರಲ್ಲಿ ಈಗಲೂ ಇದ್ದಾರೆ, ಆದರೆ ಒಳ್ಳೆಯ ಮಾತುಗಳೆಲ್ಲ ಅವರದೇ.

ಗದಗಿನ ಗೆಳೆಯರ ಬರಹ ಬಂದಾಗ ಓದುವವರ ನಿಯಮ ಸಡಿಲ ಮಾಡುತ್ತೇವೆ. "ಎಲ್ಲಿಗ್ ಹೊಂಟೀರಿ" ಅನ್ನೋದನ್ನು ಮೈಸೂರಿನ ಬಾಯಲ್ಲಿ ಓದಿಸಿದರೆ ಮಾತೂ ಕೆಟ್ಟಿತು, ನಗುವೂ ಕೆಟ್ಟಿತು. ಸಂಭಾಷಣೆ ಅವರೇ ಓದುತ್ತಾರೆ. ಆದರೆ ಅವರೇ ಒಮ್ಮೆ ನಮ್ಮ ಟಿಕ್ಕುಗಳನ್ನು ನೋಡಿ ಕೇಳಿದರು, "ನೀವು ನನ್ನ ಮಾತಿಗೆ ನಕ್ಕೀರೋ, ನಮ್ಮ ಭಾಷಾಕ್ಕ ನಕ್ಕೀರೋ?" ನಮ್ಮ ಹತ್ತಿರ ಉತ್ತರ ಇರಲಿಲ್ಲ. ಸಿನಿಮಾದಲ್ಲಿ ಉತ್ತರ ಕರ್ನಾಟಕದ ಮಾತು ಅಂದರೆ ಕಾಮಿಡಿ ಅಂತ ನಾವು ನೋಡಿ ನೋಡಿ ರೂಢಿಯಾಗಿದೆ, ಅಲ್ವಾ? ಆಮೇಲಿಂದ ಅವರು ಅನುಮಾನ ಬಂದ ಸಾಲನ್ನು ಪುಸ್ತಕದ ಕನ್ನಡದಲ್ಲಿ ಬರೆದು ನೋಡುತ್ತಾರೆ. ಆಗಲೂ ನಗು ಬಂದರೆ ನಿಶ್ಚಿಂತೆ. ಈ ಪರೀಕ್ಷೆ ಎಲ್ಲ ಸಲ ನ್ಯಾಯ ಕೊಡುವುದಿಲ್ಲ. ಕೆಲವು ಮಾತಿನ ರುಚಿ ಆ ಲಯದಲ್ಲೇ ಇರುತ್ತದೆ. ಅದನ್ನು ಅವರ ತೀರ್ಮಾನಕ್ಕೇ ಬಿಟ್ಟಿದ್ದೇವೆ.

ಟಿಕ್ ಪದ್ಧತಿಯಿಂದ ಒಂದು ಕೆಡುಕೂ ಆಯಿತು. ಟಿಕ್ ಬಿದ್ದದ್ದನ್ನು ಮಾತ್ರ ಉಳಿಸಿ ಮಿಕ್ಕಿದ್ದನ್ನು ಎಲ್ಲರೂ ಕತ್ತರಿಸತೊಡಗಿದರು. ಬರಹಗಳೆಲ್ಲ ಜೋಕಿನ ಪಟ್ಟಿಗಳಾದವು. ಹರಟೆ ಅಂದ ಮೇಲೆ ಅದಕ್ಕೆ ಉಸಿರಾಡಲು ಜಾಗ ಬೇಕು. ಹೀಗಾಗಿ ಈಗ ನಾಲ್ಕನೇ ಗುರುತೊಂದು ಬಂದಿದೆ, ಸೊನ್ನೆ. ನಗು ಬರಲಿಲ್ಲ, ಆದರೂ ತೆಗೀಬೇಡಿ ಅಂತ ಅದರ ಅರ್ಥ. ಸ್ಕೂಟರ್ ಬರಹದಲ್ಲಿ ಮಾವನವರು ದಿನಾ ಬೆಳಿಗ್ಗೆ ಹಳೇ ಬನಿಯನ್ನಿನಿಂದ ಗಾಡಿ ಒರೆಸುವ ಸಾಲಿಗೆ ಮೇಷ್ಟ್ರದು ಸೊನ್ನೆ, ಬ್ಯಾಂಕಿನವರದು ಉದ್ದ ಗೆರೆ. ಇಬ್ಬರೂ ಅರ್ಧ ಗಂಟೆ ವಾದ ಮಾಡಿದರು. ನಾನು ಆ ಸಾಲನ್ನು ಉಳಿಸಿಯೇ ಪತ್ರಿಕೆಗೆ ಕಳಿಸಿದೆ. ಸಂಪಾದಕರು ಜಾಗ ಸಾಲದೆ ಕತ್ತರಿಸಿದ್ದು ಅದೊಂದನ್ನೇ. ಆ ಪುರವಣಿಯನ್ನು ಬ್ಯಾಂಕಿನವರು ಇನ್ನೂ ಬ್ಯಾಗಿನಲ್ಲಿ ಇಟ್ಟುಕೊಂಡು ಓಡಾಡುತ್ತಿದ್ದಾರೆ.