ಹಿಂದಿನ ಬೆಂಚಿಗೂ ಕಾಣುವ ಸ್ಲೈಡ್ ಮಾಡೋದು ಹೇಗೆ?

ಕೆಲವು ವರ್ಷಗಳ ಹಿಂದೆ ಶಿಕ್ಷಕರ ತರಬೇತಿಯೊಂದರಲ್ಲಿ ಮಳೆನೀರು ಸಂಗ್ರಹದ ಬಗ್ಗೆ ಮಾತಾಡಬೇಕಿತ್ತು. ರಾತ್ರಿಯೆಲ್ಲ ಕೂತು 22 ಸ್ಲೈಡ್ ಮಾಡಿದ್ದೆ. ಬೆಳಿಗ್ಗೆ ಪೆನ್‌ಡ್ರೈವ್ ಹಾಕಿ ಅಲ್ಲಿನ ಕಂಪ್ಯೂಟರಿನಲ್ಲಿ ತೆರೆದರೆ ಪರದೆ ತುಂಬ ಪೌಂಡ್ ಗುರುತು, ನೆತ್ತಿಯ ಮೇಲೆ ಗೆರೆ ಇರುವ ಇಂಗ್ಲಿಷ್ ಅಕ್ಷರಗಳು. ಮುಂದಿನ ಸಾಲಿನ ಮೇಷ್ಟ್ರೊಬ್ಬರು "ಇದ್ಯಾವ ಭಾಷೆ ಸಾರ್?" ಅಂದರು. ತಪ್ಪು ನನ್ನದೇ. ಹಳೇ ಕಾಲದ ಫಾಂಟಿನಲ್ಲಿ ಟೈಪ್ ಮಾಡಿದ್ದೆ, ಆ ಫಾಂಟ್ ಅಲ್ಲಿ ಇರಲಿಲ್ಲ.

ಹಾಗಾಗಿ ಬಣ್ಣ, ಚಿತ್ರ, ಅನಿಮೇಷನ್ ಎಲ್ಲ ಆಮೇಲೆ. ಮೊದಲು ಅಕ್ಷರ.

ಕನ್ನಡವನ್ನು ಯೂನಿಕೋಡ್‌ನಲ್ಲೇ ಟೈಪ್ ಮಾಡಿ. ಅದು ಎಲ್ಲ ಕಂಪ್ಯೂಟರುಗಳಿಗೂ ಸಮಾನವಾದ ಅಕ್ಷರ ಸಂಕೇತ. ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶ ಬಳಸುವವರು ಅದರಲ್ಲಿರುವ ಯೂನಿಕೋಡ್ ಆಯ್ಕೆಗೆ ಬದಲಾಯಿಸಿಕೊಳ್ಳಿ. ಹಳೆಯ ಫೈಲುಗಳಿದ್ದರೆ ಅವನ್ನು ಯೂನಿಕೋಡ್‌ಗೆ ತರುವ ಪರಿವರ್ತಕಗಳು ಉಚಿತವಾಗಿಯೇ ಸಿಗುತ್ತವೆ. ಫಾಂಟ್ ಯಾವುದು? ವಿಂಡೋಸ್‌ನಲ್ಲಿ ನಿರ್ಮಲ ಯುಐ ಬಂದೇ ಇರುತ್ತದೆ. ಗೂಗಲ್‌ನ ನೋಟೊ ಸಾನ್ಸ್ ಕನ್ನಡ ಉಚಿತ, ಓದಲು ಹಿತ. ತುಂಗಾ ಕೂಡ ಇದೆ, ಆದರೆ ಅದೇ ಅಳತೆಯಲ್ಲಿ ಅಕ್ಷರ ಚಿಕ್ಕದಾಗಿ ಕಾಣುತ್ತದೆ. ಶೀರ್ಷಿಕೆಗೆ 40, ಒಳಗಿನ ಸಾಲುಗಳಿಗೆ 28 ಪಾಯಿಂಟಿಗಿಂತ ಕಡಿಮೆ ಬೇಡ. ಇಟಾಲಿಕ್ ಅಂತೂ ಮುಟ್ಟಲೇಬೇಡಿ. ವಾಲಿಸಿದ ಕನ್ನಡ ಬಿದ್ದುಹೋಗುವ ಬೇಲಿಯ ಹಾಗೆ ಕಾಣುತ್ತದೆ.

ಇನ್ನೊಂದು ತೊಂದರೆ ನಮ್ಮಂಥ ಲಿಪಿಗೇ ಜಾಸ್ತಿ. 'ರಾಷ್ಟ್ರ', 'ಸ್ವಾತಂತ್ರ್ಯ' ಅಂತ ಬರೆದು ನೋಡಿ. ಒತ್ತಕ್ಷರ ಕೆಳಗಿಳಿದು, ಮುಂದಿನ ಸಾಲಿನ ಗುಡಿಸಿಗೆ ತಾಗುತ್ತದೆ. ಪವರ್‌ಪಾಯಿಂಟ್‌ನ ಸಾಮಾನ್ಯ ಥೀಮಿನಲ್ಲಿ ಸಾಲುಗಳ ಅಂತರ 0.9 ಇರುತ್ತದೆ. ಅದು ಇಂಗ್ಲಿಷಿಗೆ ಸಾಕು, ನಮಗೆ ಸಾಲದು. ಲೈನ್ ಸ್ಪೇಸಿಂಗ್‌ನಲ್ಲಿ ಮಲ್ಟಿಪಲ್ ಆರಿಸಿ 1.2 ಅಂತ ಕೊಡಿ.

ಇದನ್ನೆಲ್ಲ ಒಂದೊಂದು ಸ್ಲೈಡಿಗೂ ಮಾಡುತ್ತ ಕೂರಬೇಡಿ. ವ್ಯೂ ಮೆನುವಿನಲ್ಲಿ ಸ್ಲೈಡ್ ಮಾಸ್ಟರ್ ಅಂತ ಇದೆ. ಎಡಗಡೆ ಎಲ್ಲಕ್ಕಿಂತ ಮೇಲಿರುವ ದೊಡ್ಡ ಸ್ಲೈಡ್ ಆರಿಸಿ, ಫಾಂಟ್, ಅಳತೆ, ಅಂತರ, ಬಣ್ಣ, ಶಾಲೆಯ ಲಾಂಛನ ಎಲ್ಲ ಅಲ್ಲೇ ಒಮ್ಮೆ ಇಟ್ಟುಬಿಡಿ. ಉಳಿದ ಸ್ಲೈಡುಗಳು ತಾವಾಗಿಯೇ ಅದನ್ನು ಹಿಂಬಾಲಿಸುತ್ತವೆ. ಉಚಿತವಾಗಿ ಸಿಗುವ ಲಿಬ್ರೆ ಆಫೀಸ್ ಇಂಪ್ರೆಸ್‌ನಲ್ಲೂ ಈ ಸೌಲಭ್ಯವಿದೆ. ಹತ್ತು ವರ್ಷ ಸ್ಲೈಡ್ ಮಾಡಿದವರಲ್ಲೂ ಇದನ್ನು ತೆರೆಯದೇ ಇದ್ದವರನ್ನು ನೋಡಿದ್ದೇನೆ.

ಈಗ ಕಂಪ್ಯೂಟರ್ ಪಕ್ಕಕ್ಕಿಟ್ಟು ಹಾಳೆ ತಗೊಳ್ಳಿ. ಹೇಳಬೇಕಾದ್ದನ್ನು ಒಂದೊಂದು ವಾಕ್ಯದಲ್ಲಿ ಬರೆಯಿರಿ. ಒಂದು ವಾಕ್ಯಕ್ಕೆ ಒಂದು ಸ್ಲೈಡ್. ಗೈ ಕಾವಾಸಾಕಿ ಎಂಬ ಅಮೆರಿಕದ ಹೂಡಿಕೆದಾರರು 10-20-30 ಸೂತ್ರ ಹೇಳಿದ್ದರು: 10 ಸ್ಲೈಡ್, 20 ನಿಮಿಷ, 30 ಪಾಯಿಂಟಿಗೆ ಕಡಿಮೆಯಿಲ್ಲದ ಅಕ್ಷರ. ಅದು ಬಂಡವಾಳ ಕೇಳಲು ಬರುವವರಿಗೆ ಹೇಳಿದ್ದು. ಪಾಠ ಮಾಡುವವರು ಹತ್ತಕ್ಕೇ ಅಂಟಿಕೊಳ್ಳಬೇಕಿಲ್ಲ, ಆದರೆ 22 ಜಾಸ್ತಿಯಾಯಿತು ಅಂತ ನನಗೂ ಈಗ ಗೊತ್ತಾಗಿದೆ.

ಒಂದು ಸ್ಲೈಡನ್ನೇ ಹತ್ತಿರದಿಂದ ನೋಡೋಣ. ನನ್ನ ಹಳೆಯ ಸ್ಲೈಡಿನ ಶೀರ್ಷಿಕೆ 'ಮಳೆನೀರು ಸಂಗ್ರಹದ ಪ್ರಯೋಜನಗಳು'. ಕೆಳಗೆ ಏಳು ಸಾಲು: ಅಂತರ್ಜಲ ಹೆಚ್ಚುತ್ತದೆ, ಖರ್ಚು ಉಳಿಯುತ್ತದೆ, ಇತ್ಯಾದಿ. ನಾನು ಅದನ್ನೇ ಓದುತ್ತಿದ್ದೆ, ಜನ ನನಗಿಂತ ಮೊದಲೇ ಓದಿ ಮುಗಿಸಿ ಮೊಬೈಲ್ ನೋಡುತ್ತಿದ್ದರು. ಏಳೂ ಸಾಲು ಅಳಿಸಿದೆ. ಲೆಕ್ಕ ಹಾಕಿದೆ. ಒಂದು ಚದರ ಮೀಟರ್ ಚಾವಣಿಯ ಮೇಲೆ 1 ಮಿ.ಮೀ. ಮಳೆ ಬಿದ್ದರೆ 1 ಲೀಟರ್ ನೀರು. ಶಾಲೆಯ ಚಾವಣಿ 100 ಚದರ ಮೀಟರ್, ವರ್ಷದ ಮಳೆ 700 ಮಿ.ಮೀ. ಅಂತಿಟ್ಟುಕೊಂಡರೆ 70,000 ಲೀಟರ್. ಐದರಲ್ಲೊಂದು ಪಾಲು ಪೋಲಾದರೂ 56,000 ಉಳಿಯುತ್ತದೆ. ಹೊಸ ಶೀರ್ಷಿಕೆ: 'ನಮ್ಮ ಶಾಲೆಯ ಚಾವಣಿ ವರ್ಷಕ್ಕೆ 280 ಡ್ರಮ್ ನೀರು ಕೊಡುತ್ತದೆ'. 200 ಲೀಟರಿನ ಡ್ರಮ್ಮಿನ ಲೆಕ್ಕ. ಕೆಳಗೆ ಅದೇ ಶಾಲೆಯ ಫೋಟೊ, ಅಷ್ಟೇ. ಅಂತರ್ಜಲದ ಮಾತನ್ನು ಬಾಯಲ್ಲೇ ಹೇಳಿದರಾಯಿತು, ಅಲ್ವಾ? ಮರೆತುಹೋಗುವ ಭಯವಿದ್ದರೆ ಸ್ಲೈಡಿನ ಕೆಳಗಿರುವ ನೋಟ್ಸ್ ಜಾಗದಲ್ಲಿ ಬರೆದಿಟ್ಟುಕೊಳ್ಳಿ. ಪ್ರೆಸೆಂಟರ್ ವ್ಯೂ ಹಾಕಿಕೊಂಡರೆ ಅದು ನಿಮಗೆ ಮಾತ್ರ ಕಾಣುತ್ತದೆ.

ಫೋಟೊ ಹಿಗ್ಗಿಸುವಾಗ ಮೂಲೆ ಹಿಡಿದೇ ಎಳೆಯಿರಿ. ಬದಿ ಹಿಡಿದು ಎಳೆದರೆ ಹೆಡ್‌ಮಾಸ್ಟರ್ ದಪ್ಪಗಾಗುತ್ತಾರೆ. ಮೊಬೈಲಿನ ಚಿತ್ರಗಳಿಂದ ಫೈಲ್ ಭಾರವಾದರೆ ಕಂಪ್ರೆಸ್ ಪಿಕ್ಚರ್ಸ್‌ನಲ್ಲಿ 150 ಪಿಪಿಐ ಆರಿಸಿ, ಪ್ರೊಜೆಕ್ಟರಿಗೆ ಅಷ್ಟು ಸಾಕು. ಅನಿಮೇಷನ್? ಸುಮ್ನೆ ಬಿಡಿ. ಅಕ್ಷರಗಳು ಗಿರಗಿರ ತಿರುಗಿ ಬಂದು ಯಾರಿಗೂ ಏನೂ ಅರ್ಥವಾಗಿದ್ದು ನಾನು ಕಂಡಿಲ್ಲ.

ಮುಗಿದ ಮೇಲೆ ಲ್ಯಾಪ್‌ಟಾಪನ್ನು ಮೇಜಿನ ಮೇಲಿಟ್ಟು ಹತ್ತು ಹೆಜ್ಜೆ ಹಿಂದೆ ಹೋಗಿ ಓದಿ. ಕಣ್ಣು ಕಿರಿದು ಮಾಡಬೇಕಾಗಿ ಬಂದರೆ ಅಕ್ಷರ ಇನ್ನೂ ದೊಡ್ಡದಾಗಬೇಕು.

ಹಿಂದಿನ ದಿನ ಫೈಲ್‌, ಆಪ್ಷನ್ಸ್‌, ಸೇವ್‌ಗೆ ಹೋಗಿ 'ಎಂಬೆಡ್ ಫಾಂಟ್ಸ್' ಗುರುತು ಹಾಕಿ ಉಳಿಸಿ, ಫಾಂಟೂ ಫೈಲಿನ ಜೊತೆಗೇ ಹೋಗುತ್ತದೆ. ಜೊತೆಗೆ ಒಂದು ಪಿಡಿಎಫ್ ಪ್ರತಿ ಪೆನ್‌ಡ್ರೈವಿನಲ್ಲೂ ನಿಮ್ಮ ಮೇಲ್‌ನಲ್ಲೂ ಇರಲಿ. ಪರದೆಗೆ ಜೋಡಿಸಿದ ಮೇಲೆ ಏನೂ ಬರದಿದ್ದರೆ ವಿಂಡೋಸ್ ಕೀ ಹಿಡಿದು ಪಿ ಒತ್ತಿ, ಡೂಪ್ಲಿಕೇಟ್ ಆರಿಸಿ; ಪ್ರೆಸೆಂಟರ್ ವ್ಯೂ ಬೇಕಿದ್ದರೆ ಎಕ್ಸ್‌ಟೆಂಡ್ ಆರಿಸಿ. ಎಫ್ 5 ಒತ್ತಿದರೆ ಮೊದಲಿನಿಂದ ಶುರು, ಶಿಫ್ಟ್ ಜೊತೆ ಒತ್ತಿದರೆ ಈಗಿರುವ ಸ್ಲೈಡಿನಿಂದ. ನಡುವೆ ಚರ್ಚೆ ಎದ್ದರೆ ಬಿ ಒತ್ತಿ, ಪರದೆ ಕಪ್ಪಾಗುತ್ತದೆ, ಜನ ನಿಮ್ಮ ಕಡೆ ತಿರುಗುತ್ತಾರೆ.

ಕೊನೆಗೆ ಗುಲಾಬಿ ಹೂವಿನ ಮೇಲೆ 'ಧನ್ಯವಾದಗಳು' ಅಂತ ಬರೆದ ಸ್ಲೈಡ್ ಬೇಡ. ಡ್ರಮ್ಮಿನ ಸ್ಲೈಡ್ 4ನೆಯದಾಗಿದ್ದರೆ 4 ಒತ್ತಿ ಎಂಟರ್ ಒತ್ತಿ. ಪ್ರಶ್ನೆ ಕೇಳುವವರು ಆ 280 ಡ್ರಮ್ಮುಗಳನ್ನು ನೋಡುತ್ತಲೇ ಕೇಳಲಿ.